ಕಿರಿಯರೊಡನೆ ಒಂದಿಷ್ಟು ಮಾತು: ಚುರುಟಿಗೆ ಅಂಕ ಕೊಡುವ ಬಗೆ

ಮದುವೆಯ ಆರತಕ್ಷತೆಯಲ್ಲೋ ಕಂಪೆನಿಯ ಪಾರ್ಟಿಯಲ್ಲೋ ಯಾರಾದರೂ ದೊಡ್ಡವರು ನಿಮ್ಮ ಕೈಗೆ ದಪ್ಪನೆಯ ಸಿಗಾರೊಂದನ್ನು ಕೊಟ್ಟು, "ಕ್ಯೂಬಾದ್ದು ಕಣಯ್ಯಾ, ಒಂದು ದಮ್ಮು ಎಳೆದು ನೋಡು" ಎಂದರೆ ಏನು ಮಾಡುತ್ತೀರಿ? ಬೇಡವೆಂದರೆ ಹಳ್ಳಿ ಗಮಾರ ಎಂದುಕೊಂಡಾರು ಎಂಬ ಅಳುಕು. ಬೇಕೆಂದರೆ ಮನೆಯವರ ಭಯ. ಆದ್ದರಿಂದ ಈ ಸಲ ಸಿಗಾರಿನ ವಿಷಯವನ್ನೇ ಎತ್ತಿಕೊಂಡಿದ್ದೇನೆ. "ಸಾರು ಹುಳಿ ಮಾಡುವ ಆಂಟಿಗೆ ಇದೆಲ್ಲ ಏಕೆ?" ಎಂದು ನಗಬೇಡಿ. ನಾನು ಸೇದುವವಳಲ್ಲ. ಆದರೆ ಬಿ.ಎ.ಗೆ ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಸಿಗಾರಿನ ಹೊಗೆ ತಪ್ಪಿದ್ದಲ್ಲ!

ಷರ್ಲಾಕ್ ಹೋಮ್ಸ್ ನಿಮಗೆ ಗೊತ್ತಲ್ಲ? 1887ರಲ್ಲಿ ಬಂದ ಅವನ ಮೊದಲ ಕಥೆ 'ಎ ಸ್ಟಡಿ ಇನ್ ಸ್ಕಾರ್ಲೆಟ್'ನಲ್ಲಿ ನೆಲದ ಮೇಲೆ ಬಿದ್ದಿದ್ದ ಬೂದಿಯನ್ನು ನೋಡಿಯೇ ಕೊಲೆಗಾರ ಸೇದಿದ್ದು 'ಟ್ರಿಚಿನಾಪೊಲಿ' ಎಂದು ಹೇಳಿಬಿಡುತ್ತಾನೆ. ಅದು ನಮ್ಮ ತಿರುಚಿನಾಪಳ್ಳಿಯ ಚುರುಟು! ಇಂಗ್ಲಿಷಿನ 'ಚೆರೂಟ್' ಎಂಬ ಮಾತೂ ತಮಿಳಿನ 'ಸುರುಟ್ಟು'ವಿನಿಂದ ಹೋದದ್ದು. ಕನ್ನಡದಲ್ಲಿ 'ಚಾಪೆ ಸುರುಟು' ಎನ್ನುವುದಿಲ್ಲವೇ? ಅದೇ ಬಳಗದ ಮಾತು. ಸುರುಟಿದ್ದೇ ಚುರುಟು.

ಒಳ್ಳೆಯ ಚುರುಟಿನಲ್ಲಿ ಮೂರು ಪದರ. ಒಳಗೆ ತುಂಬುವ ಎಲೆ, ಅದನ್ನು ಹಿಡಿದಿಡುವ ಎಲೆ, ಮೇಲೆ ನುಣ್ಣನೆಯ ಹೊದಿಕೆಯ ಎಲೆ. ಕ್ಯೂಬಾದ ಪಶ್ಚಿಮಕ್ಕಿರುವ ಪಿನಾರ್ ದೆಲ್ ರಿಯೋ ಪ್ರಾಂತದ ವುಯೆಲ್ತಾ ಅಬಾಹೋ ಎಂಬ ಸೀಮೆಯ ಹೊಗೆಸೊಪ್ಪು ಇದಕ್ಕೆ ಜಗತ್ಪ್ರಸಿದ್ಧ. ಹೊದಿಕೆಗೆಂದು ಬೆಳೆಸುವ ಗಿಡಗಳಿಗೆ ಬಿಸಿಲು ತಾಗದಂತೆ ಬಟ್ಟೆಯ ಚಪ್ಪರ ಹಾಕುತ್ತಾರೆ. ಒಳಗಿನ ಎಲೆಗಳಲ್ಲಿ ಗಿಡದ ತುದಿಯ ದಪ್ಪ ಎಲೆ ಖಾರಕ್ಕೆ, ನಡುವಿನ ಎಲೆ ಪರಿಮಳಕ್ಕೆ, ಕೆಳಗಿನದು ಚೆನ್ನಾಗಿ ಉರಿಯುವುದಕ್ಕೆ. ನಾವು ಹುಳಿಪುಡಿಗೆ ಬ್ಯಾಡಗಿ, ಗುಂಟೂರು ಎರಡೂ ಮೆಣಸಿನಕಾಯಿ ಬೆರೆಸುವುದಿಲ್ಲವೇ, ಹಾಗೆಯೇ. ಒಣಗಿದ ಎಲೆಯನ್ನು ರಾಶಿ ಹಾಕಿದರೆ ತಾನೇ ಕಾವೇರಿ ಹುದುಗುತ್ತದೆ. ಅಮೋನಿಯದ ಘಾಟು ಬಿಟ್ಟುಹೋಗುವುದು ಆಗಲೇ.

ಇನ್ನು ಪರೀಕ್ಷೆ. ತಿಳಿದವರು ಮೊದಲು ಸುತ್ತಿದ ಕಾಗದದ ಪಟ್ಟಿಯನ್ನು ತೆಗೆದುಬಿಡುತ್ತಾರೆ, ಇಲ್ಲವೇ ಮುಚ್ಚುತ್ತಾರೆ. ಹೆಸರು ಕಂಡರೆ ನಾಲಿಗೆ ಸುಳ್ಳು ಹೇಳುತ್ತದೆ. ಆಮೇಲೆ ಕಣ್ಣಿನ ಕೆಲಸ: ಹೊದಿಕೆ ಹರಿದಿದೆಯೇ, ನರ ಎದ್ದಿದೆಯೇ? ಬೆರಳಿನ ಕೆಲಸ: ಮೆಲ್ಲಗೆ ಒತ್ತಿದರೆ ಎಲ್ಲೂ ಗಂಟು, ಪೊಳ್ಳು ಇರಬಾರದು. ತುದಿ ಕತ್ತರಿಸಿ, ಹಚ್ಚುವ ಮೊದಲೇ ಒಮ್ಮೆ ಎಳೆದು ಗಾಳಿ ಸರಾಗವಾಗಿ ಬರುತ್ತದೆಯೇ ಎಂದು ನೋಡುತ್ತಾರೆ. ಹಚ್ಚಿದ ಮೇಲೆ ಸುತ್ತಲೂ ಸಮನಾಗಿ ಉರಿಯಬೇಕು, ಬೂದಿ ಗಟ್ಟಿಯಾಗಿ ನಿಲ್ಲಬೇಕು. ನಿಮಿಷಕ್ಕೊಂದು ದಮ್ಮಿಗಿಂತ ಹೆಚ್ಚಿಲ್ಲ. ಅವಸರ ಮಾಡಿದರೆ ಕಾವೇರಿ ಕಹಿಯಾಗುತ್ತದೆ. ರುಚಿಯನ್ನು ಮೂರು ಭಾಗಗಳಲ್ಲಿ ಬರೆದಿಡುತ್ತಾರೆ: ಆರಂಭ, ನಡುವೆ, ಕೊನೆ. ನೋಟ, ರುಚಿ, ಉರಿಯುವ ರೀತಿ, ಒಟ್ಟು ಅಭಿಪ್ರಾಯ ಎಲ್ಲ ಸೇರಿಸಿ ನೂರಕ್ಕೆ ಅಂಕ. 1992ರಲ್ಲಿ ಅಮೆರಿಕದಲ್ಲಿ ಶುರುವಾದ 'ಸಿಗಾರ್ ಅಫಿಷನಾಡೊ' ಪತ್ರಿಕೆ ಈ ಅಂಕಪದ್ಧತಿಯನ್ನು ಮನೆಮಾತಾಗಿಸಿತು.

ಅವರ ಟಿಪ್ಪಣಿಗಳನ್ನು ಓದಿದರೆ ದೇವದಾರು, ಚರ್ಮ, ಕೋಕೋ, ಕಾಳುಮೆಣಸು ಎಂದೆಲ್ಲ ಇರುತ್ತದೆ. ಬೆರಗಾಗಬೇಡಿ. ಮೂಗಿಗೂ ನಾಲಿಗೆಗೂ ನಮ್ಮಲ್ಲಿ ಮಾತಿಗೆ ಬಡತನವಿಲ್ಲ. ಎಳೆ ಬಾಳೆಕಾಯಿಯ ಒಗರು, ಒಗ್ಗರಣೆಯ ಘಾಟು, ಹಳೆಯ ಎಣ್ಣೆಯ ಕಮಟು, ಮಳೆಗಾಲದ ಬಟ್ಟೆಯ ಮುಗ್ಗಲು, ತಳ ಹಿಡಿದ ಹಾಲಿನ ಸೀದ ವಾಸನೆ. ಒಂದೊಂದಕ್ಕೂ ಒಂದೊಂದು ಹೆಸರು. ಇವನ್ನೆಲ್ಲ 'ಸ್ಮೆಲ್' ಎಂಬ ಒಂದೇ ಮಾತಿಗೆ ಒಪ್ಪಿಸಿಬಿಟ್ಟರೆ ನಷ್ಟ ನಿಮಗೇ, ಮಕ್ಕಳೇ. ಹೆಸರಿಲ್ಲದ ರುಚಿ ನಾಲಿಗೆಯ ಮೇಲೆ ನಿಲ್ಲುವುದಿಲ್ಲ. ನಾಳೆ ಬೆಳಿಗ್ಗೆ ಅಮ್ಮ ಇಳಿಸಿದ ಡಿಕಾಕ್ಷನ್ನಿಗೆ ಇದೇ ಕ್ರಮದಲ್ಲಿ ಅಂಕ ಕೊಟ್ಟು ನೋಡಿ. ಬಣ್ಣ, ಘಮ, ಮೊದಲ ಗುಟುಕು, ಕೊನೆಗೆ ಬಾಯಲ್ಲಿ ಉಳಿಯುವುದು. ಚಿಕ್ಕಮಗಳೂರಿನ ಬೀಜಕ್ಕೆ ಕ್ಯೂಬಾದ ಎಲೆಯಷ್ಟೇ ಮರ್ಯಾದೆ ಸಲ್ಲಬೇಕಾದ್ದೇ.

ನನ್ನ ಮನಸ್ಸಿಗೆ ಹಿಡಿಸಿದ್ದು ಮಾತ್ರ ಚುರುಟಿಗಿಂತ ಅದನ್ನು ಸುತ್ತುವವರ ಕಥೆ. 1865ರಿಂದ ಹವಾನಾದ ಕಾರ್ಖಾನೆಗಳಲ್ಲಿ ಒಂದು ಪದ್ಧತಿ ಬೆಳೆಯಿತು. ನೂರಾರು ಜನ ಕೂತು ಎಲೆ ಸುತ್ತುತ್ತಿರುವಾಗ ಒಬ್ಬರು ಎತ್ತರದ ಪೀಠದಲ್ಲಿ ಕೂತು ಪತ್ರಿಕೆ, ಕಾದಂಬರಿ ಓದಿ ಹೇಳುತ್ತಾರೆ. ಓದುವವರಿಗೆ ಸಂಬಳವನ್ನು ಕೆಲಸಗಾರರೇ ತಮ್ಮ ಕೂಲಿಯಿಂದ ಕೂಡಿಸಿ ಕೊಡುತ್ತಿದ್ದರು. ಅಲೆಕ್ಸಾಂಡರ್ ಡ್ಯೂಮಾನ ಕಾದಂಬರಿ ಅವರಿಗೆ ಎಷ್ಟು ಪ್ರಿಯವಾಗಿತ್ತೆಂದರೆ 1935ರಲ್ಲಿ ಹುಟ್ಟಿದ ಒಂದು ಸಿಗಾರಿಗೆ 'ಮೋಂತೆಕ್ರಿಸ್ತೋ' ಎಂದೇ ಹೆಸರಾಯಿತು. 'ರೋಮಿಯೋ ಈ ಹೂಲಿಯೆತಾ' ಎಂಬ ಸಿಗಾರೂ ಇದೆ. ಷೇಕ್ಸ್‌ಪಿಯರನಿಗೆ ಅಲ್ಲಿಯೂ ಬಿಡುವಿಲ್ಲ! ದಕ್ಷಿಣ ಕನ್ನಡದ ಮನೆಮನೆಗಳಲ್ಲಿ ಹೆಂಗಸರು ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿ ಮಕ್ಕಳ ಶಾಲೆಯ ಫೀಸು ತುಂಬಿದರು. ಇದನ್ನು ಓದುತ್ತಿರುವ ಕೆಲವರ ಅಜ್ಜಿಯೂ ಅವರಲ್ಲೊಬ್ಬರಿದ್ದಾರು. ಅವರಿಗೆ ಓದಿ ಹೇಳುವವರಿರಲಿಲ್ಲ. ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದ ಕೂಲಿ, ಜೊತೆಗೆ ಹೊಗೆಸೊಪ್ಪಿನ ಧೂಳು.

ಈಗ ಮುಖ್ಯ ಮಾತು. "ಸಿಗಾರಿನ ಹೊಗೆಯನ್ನು ನುಂಗುವುದಿಲ್ಲ, ಬಾಯಲ್ಲಿ ಆಡಿಸಿ ಬಿಡುತ್ತೇವೆ, ಅದರಿಂದ ಏನೂ ಆಗದು" ಎಂದು ನಿಮಗೆ ಹೇಳುವವರಿದ್ದಾರೆ. ನನ್ನ ಸೋದರಮಾವನೂ ಹಾಗೇ ಹೇಳುತ್ತಿದ್ದರು. ಊಟವಾದ ಮೇಲೆ ದಿನಕ್ಕೊಂದೇ ಚುರುಟು, ಅದೂ ಜಗಲಿಯಲ್ಲಿ ಕೂತು. ಅರವತ್ತೊಂದಕ್ಕೆ ನಾಲಿಗೆಯ ಅಂಚಿನಲ್ಲಿ ಹುಣ್ಣಾಯಿತು. ಬೇಳೆಯಲ್ಲಿ ಉಪ್ಪು ಒಂದು ಹರಳು ಹೆಚ್ಚಾದರೂ ಹೇಳುತ್ತಿದ್ದವರು ಕೊನೆಯ ವರ್ಷ ಗಂಜಿಯ ರುಚಿಯೂ ತಿಳಿಯದೆ ಹೋದರು. ಚುರುಟಿನ ಹೊಗೆ ಕ್ಷಾರಗುಣದ್ದು. ಅದರ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಇಳಿಯುತ್ತದೆ. ಸಿಗರೇಟಿನಲ್ಲಿರುವುದು 1 ಗ್ರಾಮಿಗೂ ಕಡಿಮೆ ಹೊಗೆಸೊಪ್ಪು, ದೊಡ್ಡ ಸಿಗಾರಿನಲ್ಲಿ 5ರಿಂದ 17 ಗ್ರಾಂ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಸಿಗಾರು ಕಾರಣವೆಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲೇ ವಿಸ್ತಾರವಾಗಿ ಬರೆಯಿತು. ಬೆಲೆ ಹೆಚ್ಚಾದ ಮಾತ್ರಕ್ಕೆ ವಿಷ ಕಡಿಮೆಯಾಗುವುದಿಲ್ಲ.

ಹಾಗಾದರೆ ಪಾರ್ಟಿಯಲ್ಲಿ ಏನು ಮಾಡುವುದು? ಕೈಗೆ ಬಂದ ಸಿಗಾರನ್ನು ತಿರುಗಿಸಿ ನೋಡಿ. ಹೊದಿಕೆ ಚೆನ್ನಾಗಿದೆ ಎನ್ನಿ. ಮೂಸಿ ನೋಡಿ, ದೇವದಾರಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಿರಬೇಕು ಎನ್ನಿ. ಓದಿ ಹೇಳುವವರ ಕಥೆಯನ್ನೂ ಹೇಳಿ. ಆಮೇಲೆ ನಗುತ್ತಾ ವಾಪಸು ಕೊಟ್ಟುಬಿಡಿ. ನಿಮ್ಮನ್ನು ಗಮಾರ ಎನ್ನುವ ಧೈರ್ಯ ಅಲ್ಲಿ ಯಾರಿಗೂ ಬರದು. ರುಚಿ ಬಲ್ಲವರಿಗೆ ಬೇಡ ಎನ್ನುವುದೂ ಗೊತ್ತಿರಬೇಕು. ನಾಲಿಗೆ ಇರುವುದು ಒಂದೇ. ಇನ್ನೂ ಎಷ್ಟೋ ವರ್ಷ ಅದರಿಂದ ಹೋಳಿಗೆ ತಿನ್ನಬೇಕು, ಕನ್ನಡವನ್ನೂ ಆಡಬೇಕು.