ಜಾತ್ರೆಯ ಟ್ರೇಲರಿನಲ್ಲಿ ನಮ್ಮ ಮಕ್ಕಳು

ಮಾಘಮಾಸ ಬಂತೆಂದರೆ ಸಾಂಗಲಿ, ಮಿರಜ ಕಡೆಯ ಅನೇಕ ಕುಟುಂಬಗಳು ಚಿಂಚಲಿ ಮಾಯಕ್ಕನ ಜಾತ್ರೆಗೆ ಹೊರಡುತ್ತವೆ. ಹಿಂದೆ ಕಮಾನು ಕಟ್ಟಿದ ಚಕ್ಕಡಿಯೇ ನಾಲ್ಕು ದಿನದ ಮನೆ; ಈಗ ತಾಡಪತ್ರಿ ಹೊದಿಸಿದ ಟ್ರೇಲರು. ಹಾಸಿಗೆ, ಒಲೆ, ರೊಟ್ಟಿಯ ಬುತ್ತಿ, ಅಜ್ಜಿ, ಮೊಮ್ಮಕ್ಕಳು ಎಲ್ಲ ಅದರಲ್ಲಿಯೇ. ಆ ಸುಖವನ್ನು ನಾವೂ ಬಾಲ್ಯದಲ್ಲಿ ಉಂಡವರು. ಹಳಿಯಲು ಮನಸ್ಸು ಬಾರದು.

ಆದರೆ ಚಕ್ಕಡಿಯಿಂದ ಜಾರಿದ ಹುಡುಗ ಮಣ್ಣು ಕೊಡವಿಕೊಂಡು, ಓಡಿಬಂದು ಮತ್ತೆ ಹತ್ತುತ್ತಿದ್ದನು. ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲಿಂದ ಜಾರಿದವನು ಗಾಲಿಯ ಬಾಯಿಗೇ ಬೀಳುತ್ತಾನೆ. ಕೂಗಿದರೆ ಎತ್ತು ನಿಂತೀತು, ಯಂತ್ರಕ್ಕೆ ಕಿವಿಯಿಲ್ಲ. ಅದೇ ಕಾಲಕ್ಕೆ ಕಬ್ಬಿನ ಹಂಗಾಮು ಬೇರೆ. ರಾತ್ರಿಯ ರಸ್ತೆ ತುಂಬ ಕಬ್ಬಿನ ಗಾಡಿಗಳು. ಸಾಮಾನಿನ ಟ್ರೇಲರಿನಲ್ಲಿ ಜನರನ್ನು ಒಯ್ಯುವುದನ್ನು ಕಾನೂನೂ ಒಪ್ಪದು.

ಪಾಲಕರಲ್ಲಿ ನಮ್ಮ ಬಿನ್ನಹವಿಷ್ಟೆ: ಟ್ರೇಲರು ಸಾಮಾನು ಹೊರಲಿ, ಮಕ್ಕಳು ರೈಲಿನಲ್ಲಿ ಹೋಗಲಿ. ಮಿರಜದಿಂದ ಬೆಳಗಾವಿಯ ಹಾದಿಯಲ್ಲಿ, ಕುಡಚಿ ದಾಟಿದೊಡನೆ, ಚಿಂಚಲಿಗೆ ಸ್ವಂತ ನಿಲ್ದಾಣವೇ ಇದೆ. ಯಾವ ಗಾಡಿ ಅಲ್ಲಿ ನಿಲ್ಲುವುದೆಂದು ಮೊದಲೇ ವಿಚಾರಿಸಿಕೊಂಡರಾಯಿತು. ಬಯಲಿನಲ್ಲಿ ಬೀಡುಬಿಟ್ಟ ಮೇಲೆ ಮಕ್ಕಳು ಆ ಟ್ರೇಲರಿನಲ್ಲಿಯೇ ಬೇಕಾದಷ್ಟು ಕುಣಿಯಲಿ, ಮಲಗಲಿ. ಒಲೆ ಕೆಳಗಿರಲಿ, ಗಾಲಿಗೆ ಕಲ್ಲು ಕೊಟ್ಟಿರಲಿ, ಟ್ರ್ಯಾಕ್ಟರಿನ ಚಾವಿ ಮಾತ್ರ ಹಿರಿಯರ ಕಿಸೆಯಲ್ಲಿರಲಿ.