ಸಂತೆಯ ಕಸ ಹೊಲಕ್ಕೆ ಹೋಗಲಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸಂತೆ ಮುಗಿದ ಮೇಲೆ ಉಳಿಯುವ ಸೊಪ್ಪು, ತರಕಾರಿ ಬಡ ರೈತನ ಗೊಬ್ಬರವಾಗಬೇಕು. ಹಸಿ ಕಸವನ್ನು ಬೇರ್ಪಡಿಸಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ನಿಯಮ ಮಾಡಿತು.

ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಆದರೂ ನಾಲೆ ಮುಟ್ಟದ ಹೊಲಗಳು ಇಂದಿಗೂ ಮಳೆಯನ್ನೇ ನಂಬಿವೆ. ಅಂಥ ನೆಲದಲ್ಲಿ ಕೊಳೆತ ಗೊಬ್ಬರ ಬಿದ್ದ ಮಳೆಯ ತೇವವನ್ನು ಹಿಡಿದಿಡುತ್ತದೆ. ಹೊಂಗೆ ಸೊಪ್ಪಿನ ಹೊದಿಕೆ ಬಿಸಿಲನ್ನು ತಡೆಯುತ್ತದೆ.

ಸಂತೆ ಸುಂಕ ತೆರುವವರು ಸಣ್ಣ ವರ್ತಕರು. ತರಕಾರಿಗೆ ಕೂಲಿ ಸುರಿಯುವವರು ಗಿರಣಿ ಕಾರ್ಮಿಕರು. ಕೇಳುವ ಹಕ್ಕು ಇಬ್ಬರಿಗೂ ಇದೆ. ಸಂತೆಯ ಬಳಿಯೇ ಗೊಬ್ಬರಗುಂಡಿ ತೋಡಿಸಿ, ಗೊಬ್ಬರವನ್ನು ಹರಾಜಿಗೆ ಹಾಕದೆ ಸಣ್ಣ ರೈತರಿಗೂ ಕೈತೋಟ ಮಾಡುವ ಕಾರ್ಮಿಕರಿಗೂ ಹಂಚಬೇಕೆಂದು ನಾವು ನಗರಾಡಳಿತಗಳನ್ನು ಒತ್ತಾಯಿಸುತ್ತೇವೆ. ಕಸದಲ್ಲಿ ಪ್ಲಾಸ್ಟಿಕ್ ಬೆರೆಯದಂತೆ ನೋಡುವುದು ವರ್ತಕ ಬಂಧುಗಳ ಹೊಣೆ. ಬೇರ್ಪಡಿಸುವ ಹೊರೆಯನ್ನು ಪೌರಕಾರ್ಮಿಕರ ಬೆನ್ನಿಗೆ ಹೊರಿಸುವುದು ಅನ್ಯಾಯ.