ಮುನ್ನೂರ ಅರವತ್ತು ಮನೆಗಳ ಪಂದ್ಯ

ಭಾರತದ ಹಾಕಿ ತಂಡಗಳ ಹಳೆಯ ಪಟ್ಟಿಗಳನ್ನು ತಿರುವಿಹಾಕುವವರಿಗೆ ಕೊಡಗಿನ ಹೆಸರುಗಳು ಮತ್ತೆ ಮತ್ತೆ ಎದುರಾಗುತ್ತವೆ. 1972ರಲ್ಲಿ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ಗಳಿಸಿದ ತಂಡದಲ್ಲಿ ಎಂ. ಪಿ. ಗಣೇಶ್ ಮತ್ತು ಬಿ. ಪಿ. ಗೋವಿಂದ ಇದ್ದರು. 1980ರಲ್ಲಿ ಮಾಸ್ಕೋದಿಂದ ಚಿನ್ನ ತಂದ ತಂಡದಲ್ಲಿ ಎಂ. ಎಂ. ಸೋಮಯ್ಯ ಇದ್ದರು. ಹೆಸರಿನ ಮುಂದೆ ದ್ವಾರಪಾಲಕರಂತೆ ನಿಂತ ಆ ಅಕ್ಷರಗಳ ಕಡೆಗೆ ನಮ್ಮ ಗಮನ ಹರಿಯುವುದು ಅಪರೂಪ. ಕೊಡವರ ಹೆಸರುಗಳಲ್ಲಾದರೋ ಮೊದಲನೆಯ ಅಕ್ಷರವೇ ಮುಖ್ಯವಾದುದು. ಅದು ಮನೆತನದ ಅಕ್ಷರ. ಸೋಮಯ್ಯನವರ ಮೊದಲನೆಯ ‘ಎಂ’ ಎಂದರೆ ಮನೆಯಪಂಡ. ಗಣೇಶರ ‘ಎಂ’ ಎಂದರೆ ಮೊಳ್ಳೇರ. ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ, ಜನರಲ್ ಕೆ. ಎಸ್. ತಿಮ್ಮಯ್ಯ, ಈ ಇಬ್ಬರು ಸೇನಾನಿಗಳ ‘ಕೆ’ಗಳೂ ಒಂದೇ ಮನೆಯವು, ಆ ಮನೆ ಕೊಡಂದೇರ.

ದೇಶದ ತಂಡದಲ್ಲಿ ಆಡುವಾಗ ಮನೆಯ ಹೆಸರು ಮುದುಡಿ ಒಂದಕ್ಷರವಾಗುವುದು ಸಹಜ. ದೊಡ್ಡ ಲೋಕಕ್ಕೆ ಅಷ್ಟು ಸಾಕು. ಆದರೆ ಈ ಲೆಕ್ಕಾಚಾರ ತಿರುಗುಮುರುಗಾಗುವ ಒಂದು ಪಂದ್ಯಾವಳಿ ಕೊಡಗಿನಲ್ಲಿದೆ. ಅಲ್ಲಿ ಆಟಗಾರನ ಅಂಗಿಯ ಮೇಲೆ ಮನೆಯ ಹೆಸರು ಪೂರ್ಣವಾಗಿ ಅರಳುತ್ತದೆ, ಆಟಗಾರನ ಹೆಸರು ಹಿಂದೆ ಸರಿಯುತ್ತದೆ. ಕೊಡವ ಕೌಟುಂಬಿಕ ಹಾಕಿ ಉತ್ಸವವೆಂದು ಪ್ರಸಿದ್ಧವಾದ ಈ ಪಂದ್ಯಾವಳಿಯನ್ನು ಕುರಿತು ಈ ವಾರ ಕೊಂಚ ವಿಚಾರ ಮಾಡೋಣ.

ಮೊದಲು ಒಂದು ಶಬ್ದದ ಪರಿಚಯವಾಗಬೇಕು. ಕೊಡವರು ತಂದೆಯ ಕಡೆಯಿಂದ ಇಳಿದುಬಂದ ಕೂಡುಕುಟುಂಬವನ್ನು ‘ಒಕ್ಕ’ ಎನ್ನುತ್ತಾರೆ. ಇದು ನಮ್ಮ ‘ಒಕ್ಕಲು’ ಎಂಬ ಶಬ್ದದ ಒಡಹುಟ್ಟು. ಕನ್ನಡದಲ್ಲಿ ಒಕ್ಕಲು ಎಂದರೆ ಮೊದಲು ವಾಸ, ಮನೆತನ. ಬಳಿಕ ಅದು ಗೇಣಿದಾರನೆಂಬ ಅರ್ಥಕ್ಕೂ ಇಳಿಯಿತು. ಕೊಡಗಿನಲ್ಲಿ ಶಬ್ದ ತನ್ನ ಮನೆಯನ್ನು ಬಿಟ್ಟು ಕದಲಲಿಲ್ಲ. ಒಕ್ಕಕ್ಕೆ ಒಂದು ಐನ್‌ಮನೆ ಇರುತ್ತದೆ, ಹಿರಿಯರ ನೆನಪಿಗೆ ಕೈಮಡ ಇರುತ್ತದೆ, ಎಲ್ಲರಿಗಿಂತ ಹಿರಿಯನಾದ ಪಟ್ಟೆದಾರ ಇರುತ್ತಾನೆ. ಪುತ್ತರಿಯಲ್ಲಿ ಹೊಸ ಕದಿರು ಮನೆದುಂಬುವುದೂ ಅಲ್ಲಿಗೇ. ಅಂಡ, ಇರ, ಅಡ ಎಂದು ಮುಗಿಯುವ ಮನೆಹೆಸರುಗಳು ಬಹುಮಟ್ಟಿಗೆ ಮೂಲಪುರುಷನೊಬ್ಬನನ್ನು ನೆನೆದು, ‘ಇಂಥವನ ಮನೆಯವರು’ ಎಂಬ ಅರ್ಥವನ್ನು ಹೊತ್ತಿರುವಂಥವು.

ಈ ಒಕ್ಕಗಳು ಕಾಲಕ್ರಮದಲ್ಲಿ ಚದುರಿದುವು. ಆಸ್ತಿ ಪಾಲಾಯಿತು, ಪಾಲು ಪಡೆದವರು ತಮ್ಮ ತಮ್ಮ ತೋಟಗಳಲ್ಲಿ ಬೇರೆ ಮನೆ ಕಟ್ಟಿಕೊಂಡರು. ಓದಿದ ಮಕ್ಕಳು ಮೈಸೂರು, ಬೆಂಗಳೂರು ಸೇರಿದರು, ಸೈನ್ಯ ಸೇರಿದರು, ಕಡಲು ದಾಟಿದರು. ಒಂದೇ ಮನೆಹೆಸರಿನ ಇಬ್ಬರು ಯುವಕರು ಬೆಂಗಳೂರಿನ ಒಂದೇ ಬೀದಿಯಲ್ಲಿದ್ದೂ ಒಬ್ಬರನ್ನೊಬ್ಬರು ಅರಿಯದಿರುವ ಕಾಲ ಬಂದಿತು. ಐನ್‌ಮನೆಯ ದೀಪವನ್ನು ಬೆಳಗುವ ಹೊಣೆ ಊರಲ್ಲಿ ಉಳಿದ ಒಂದೆರಡು ವೃದ್ಧ ಜೀವಗಳ ಪಾಲಾಯಿತು.

ಇಂಥ ಹೊತ್ತಿನಲ್ಲಿ ಪಾಂಡಂಡ ಕುಟ್ಟಪ್ಪನವರಿಗೆ ಒಂದು ಯೋಚನೆ ಹೊಳೆಯಿತು. ಬ್ಯಾಂಕಿನಲ್ಲಿ ನೌಕರಿ ಮಾಡಿದ್ದ, ಹಾಕಿಯ ಹುಚ್ಚಿದ್ದ ಈ ಹಿರಿಯರು ಚದುರಿದ ಒಕ್ಕಗಳನ್ನು ಕೂಡಿಸಲು ಭಾಷಣದ ಮೊರೆ ಹೋಗಲಿಲ್ಲ. ಪ್ರತಿಯೊಂದು ಒಕ್ಕವೂ ತನ್ನ ಮನೆಯವರದೇ ಒಂದು ತಂಡ ಕಟ್ಟಲಿ, ಮನೆಮನೆಗಳ ನಡುವೆ ಪಂದ್ಯ ನಡೆಯಲಿ ಎಂದರು. 1997ರಲ್ಲಿ ವಿರಾಜಪೇಟೆಯ ಕಡೆಯ ಕರಡ ಗ್ರಾಮದಲ್ಲಿ ಮೊದಲ ಪಂದ್ಯಾವಳಿ ನಡೆಯಿತು. ಅದಕ್ಕೆ ಬಂದ ಒಕ್ಕಗಳು 60. ಕಪ್ಪಿಗೆ ಆತಿಥೇಯ ಮನೆಯ ಹೆಸರೇ ನಿಂತಿತು: ಪಾಂಡಂಡ ಕಪ್. ಅಂದಿನಿಂದ ವರ್ಷಕ್ಕೊಂದು ಒಕ್ಕ ಈ ಹೊಣೆಯನ್ನು ಹೊರುವುದು, ಆ ವರ್ಷದ ಕಪ್ಪು ಆ ಒಕ್ಕದ ಹೆಸರನ್ನು ಧರಿಸುವುದು ವಾಡಿಕೆಯಾಯಿತು.

ಈಗ 2024ರ ಪಂದ್ಯಾವಳಿಗೆ ಬರೋಣ. ಅದು 24ನೆಯದು, ಆತಿಥೇಯರು ಕುಂಡ್ಯೋಳಂಡ ಒಕ್ಕದವರು, ಸ್ಥಳ ನಾಪೋಕ್ಲು, ಜನರಲ್ ತಿಮ್ಮಯ್ಯನವರ ಹೆಸರನ್ನು ಹೊತ್ತ ಕ್ರೀಡಾಂಗಣ. ಮಾರ್ಚಿಯ ಕೊನೆಯಿಂದ ಏಪ್ರಿಲಿನ ಕೊನೆಯವರೆಗೆ ಆಟ. ಕಾಫಿಯ ಕೊಯ್ಲು ಮುಗಿದು, ಹೂಮಳೆಗಾಗಿ ತೋಟದವರು ಆಕಾಶ ನೋಡುವ ಕಾಲ. ಶಾಲೆಗಳಿಗೆ ಬೇಸಗೆಯ ರಜ. ಊರಿಗೆ ಬರಲು ಇದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ. ಆ ವರ್ಷ ಹೆಸರು ಕೊಟ್ಟ ಒಕ್ಕಗಳು 360. ಇಷ್ಟು ತಂಡಗಳು ಕೂಡಿದ ಹಾಕಿ ಪಂದ್ಯಾವಳಿ ಲೋಕದಲ್ಲಿ ಬೇರೊಂದಿಲ್ಲವೆಂದು ಅದು ಗಿನ್ನೆಸ್ ದಾಖಲೆಯನ್ನೂ ಸೇರಿತು.

ಇದು ಸೋತವರು ಹೊರನಡೆಯಲೇಬೇಕಾದ ನಾಕೌಟ್ ಪದ್ಧತಿಯ ಆಟ. ಇದರ ಗಣಿತವನ್ನು ಮನೆಯ ಮಕ್ಕಳಿಗೆ ಒಡ್ಡಿ ನೋಡಬಹುದು: 360 ತಂಡಗಳಲ್ಲಿ ಒಂದು ಮಾತ್ರ ಉಳಿಯಬೇಕಾದರೆ ಎಷ್ಟು ಪಂದ್ಯಗಳು ಬೇಕು? ಸುತ್ತುಗಳನ್ನು ಎಣಿಸುತ್ತ ಕೂರುವ ಅಗತ್ಯವಿಲ್ಲ. ಪ್ರತಿ ಪಂದ್ಯವೂ ಒಂದೇ ಒಂದು ತಂಡವನ್ನು ಮನೆಗೆ ಕಳುಹಿಸುತ್ತದೆ. ಮನೆಗೆ ಹೋಗಬೇಕಾದವರು 359. ಆದ್ದರಿಂದ ಪಂದ್ಯಗಳೂ 359. ಅವು ಒಂದು ತಿಂಗಳಲ್ಲಿ ಮುಗಿಯಬೇಕಾದರೆ ದಿನಕ್ಕೆ ಸುಮಾರು 12. ಮೊದಲ ಸುತ್ತುಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದರ ಬೆನ್ನಿಗೆ ಇನ್ನೊಂದು ಪಂದ್ಯ ನಡೆಯುವುದು ಇದೇ ಕಾರಣಕ್ಕೆ.

ಸೋಲಿನ ಈ ಎಣಿಕೆಯನ್ನೇ ನಾನು ವಾಚಕರ ಮುಂದೆ ಇಡಬಯಸುವುದು. ಲೌಕಿಕ ದೃಷ್ಟಿಯಿಂದ ನೋಡಿದರೆ ಈ ಹಬ್ಬ 359 ಮನೆಗಳ ಪರಾಭವದ ಕಥೆ. ಬೆಂಗಳೂರಿನಿಂದ 250 ಕಿಲೋಮೀಟರು ಬಸ್ಸಿನಲ್ಲಿ ಕುಳಿತು ಬಂದು, ಒಂದೇ ಪಂದ್ಯ ಆಡಿ, ಸೋತು ಹಿಂದಿರುಗುವವರು ಅದೆಷ್ಟು ಜನ! ಆದರೂ ಮರುವರ್ಷ ಅವರೆಲ್ಲ ಮರಳಿ ಬರುತ್ತಾರೆ. ಬರುವಾಗ ಬರದಿದ್ದವರನ್ನೂ ಕರೆತರುತ್ತಾರೆ. 60 ಇದ್ದುದು 360 ಆದದ್ದು, 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್ಪಿನಲ್ಲಿ 396 ಆದದ್ದು ಹೀಗೆಯೇ. ಇದರ ಗುಟ್ಟೇನು?

ಹನ್ನೊಂದು ಜನರ ತಂಡ ಕಟ್ಟಲು ಒಂದು ಒಕ್ಕ ಏನು ಮಾಡಬೇಕೆಂಬುದನ್ನು ಯೋಚಿಸಿದರೆ ಗುಟ್ಟು ತಿಳಿಯುತ್ತದೆ. ಬಾಡಿಗೆಗೆ ಆಟಗಾರರನ್ನು ತರುವಂತಿಲ್ಲ, ಮನೆಯವರೇ ಆಗಬೇಕು. ದೊಡ್ಡ ಒಕ್ಕಕ್ಕೆ ಇದು ಸುಲಭ. ಸಣ್ಣ ಒಕ್ಕದ ಪಟ್ಟೆದಾರ ಕುಳಿತು ಲೆಕ್ಕ ಹಾಕಬೇಕು: ಮುಂಬಯಿಯಲ್ಲಿರುವ ತಮ್ಮನ ಮಗನಿಗೆ ರಜ ಸಿಕ್ಕೀತೆ? ಸೈನ್ಯದಲ್ಲಿರುವವನು ಬರುವನೆ? ಎಣಿಕೆ ತುಂಬದಾದಾಗ ಶಾಲೆಗೆ ಹೋಗುವ ಹುಡುಗ, ಅವನ ಅಕ್ಕ, ಮೊಣಕಾಲು ನೋವಿನ ದೊಡ್ಡಪ್ಪ, ಎಲ್ಲರೂ ಸ್ಟಿಕ್ ಹಿಡಿದು ಇಳಿಯುತ್ತಾರೆ. ಗಂಡಸರೂ ಹೆಂಗಸರೂ ಒಂದೇ ತಂಡದಲ್ಲಿ ಆಡುವುದು, ಎಪ್ಪತ್ತರ ಅಜ್ಜನೂ ಮೊಮ್ಮಗನೂ ಜೊತೆಯಾಗಿ ಚೆಂಡಿನ ಬೆನ್ನಟ್ಟುವುದು ಇಲ್ಲಿ ಸಾಮಾನ್ಯ ದೃಶ್ಯ. ಇವರ ಎದುರಿನಲ್ಲಿ ರಾಷ್ಟ್ರೀಯ ತಂಡಕ್ಕೆ ಆಡಿದ ಯುವಕನೇ ನಿಂತಿರಬಹುದು. ಆಟದ ಸೌಷ್ಠವವನ್ನು ಬಯಸುವ ವಿಮರ್ಶಕನಿಗೆ ಇಂಥ ಪಂದ್ಯ ನಗೆ ತರಿಸೀತು. ಆದರೆ ಚೆಂಡು ಉರುಳುವ ಮೊದಲೇ ನಡೆದುಹೋದ ಆ ಪತ್ರವ್ಯವಹಾರ, ಆ ದೂರವಾಣಿಯ ಕರೆಗಳು, ‘ನೀನು ಯಾರ ಮಗ?’ ಎಂಬ ಆ ವಿಚಾರಣೆ, ಅವೇ ಕುಟ್ಟಪ್ಪನವರು ಬಯಸಿದ ಫಲ. ತಂಡದ ಪಟ್ಟಿ ಸಿದ್ಧವಾಯಿತೆಂದರೆ ಒಕ್ಕ ಒಂದುಗೂಡಿತೆಂದೇ ಅರ್ಥ. ಬಳಿಕ ಬರುವ ಸೋಲು ಅದನ್ನು ಬಿಡಿಸಲಾರದು.

ಇಲ್ಲಿ ಹೊರದೇಶದ ಒಂದು ಹೋಲಿಕೆ ನೆನಪಿಗೆ ಬರುತ್ತದೆ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ರಗ್ಬಿ ಲೀಗ್ ಎಂಬ ಆಟಕ್ಕೆ ಲ್ಯಾಂಕಾಷೈರ್ ಕಪ್ ಎಂಬ ನಾಕೌಟ್ ಪಂದ್ಯಾವಳಿಯಿತ್ತು. 1905ರಲ್ಲಿ ಹುಟ್ಟಿ, ಎರಡು ಮಹಾಯುದ್ಧಗಳ ನಡುವಣ ವರ್ಷಗಳಲ್ಲಿ ಮೆರೆದು, 1992-93ರ ಋತುವಿನೊಂದಿಗೆ ಅದು ನಿಂತುಹೋಯಿತು. ವಿಗನ್, ಓಲ್ಡಂ ಮುಂತಾದ ಗಣಿ-ಗಿರಣಿಗಳ ಊರುಗಳು ಅಲ್ಲಿ ಸೆಣಸುತ್ತಿದ್ದುವು. ಗಿರಣಿಯ ಕೂಲಿಕಾರನಿಗೆ ತನ್ನ ಊರಿನ ಹೆಸರನ್ನು ಎತ್ತಿ ಕೂಗಲು ಅದೊಂದು ಅವಕಾಶ. ಆದರೆ ಊರು ನಿಂತ ಸ್ಥಳದಲ್ಲೇ ಇರುತ್ತದೆ, ಅದನ್ನು ಹುಡುಕಿ ತರಬೇಕಾಗಿಲ್ಲ. ಒಕ್ಕವನ್ನಾದರೋ ಪ್ರತಿ ವರ್ಷವೂ ಹುಡುಕಿ ತರಬೇಕು. ಅದಕ್ಕೇ ಕೊಡಗಿನ ಕಪ್ಪು ಕ್ರೀಡೆಯ ಚರಿತ್ರೆಯಲ್ಲಿ ತನ್ನದೇ ಒಂದು ದಾರಿ ತುಳಿದಿದೆ.

ಉತ್ಸವದ ಆಚರಣೆಗಳಲ್ಲೂ ಮನೆಯ ಗಾಳಿಯೇ ಬೀಸುತ್ತದೆ. ಕೋವಿಯಿಂದ ಗುಂಡು ಹಾರಿಸಿ, ಬೆಳ್ಳಿಯ ಸ್ಟಿಕ್ಕಿನಿಂದ ಬೆಳ್ಳಿಯ ಚೆಂಡನ್ನು ತಳ್ಳಿ ಆರಂಭಿಸುವುದು ಇಲ್ಲಿನ ಪದ್ಧತಿ. ವಾಲಗ, ದುಡಿಕೊಟ್ಟ್ ಪಾಟ್, ಕುಪ್ಯಚೇಲೆ ತೊಟ್ಟ ಹಿರಿಯರು. ಕೈಲ್‌ಪೊಳ್ದ್‌ನಲ್ಲಿ ಆಯುಧ ಪೂಜಿಸುವ ಜನಕ್ಕೆ ಸ್ಟಿಕ್ಕೂ ಒಂದು ಆಯುಧವೇ ಆಗಿದೆ.

ಈ ಸರಣಿ ಒಮ್ಮೆ ಕಡಿದೂ ಹೋಗಿತ್ತು. 2018ರ ಬೇಸಗೆಯಲ್ಲಿ ಕುಲ್ಲೇಟಿರ ಕಪ್ ಮುಗಿಯಿತು; ಅದೇ ಆಗಸ್ಟಿನಲ್ಲಿ ಮಹಾಮಳೆ ಸುರಿದು ಮಕ್ಕಂದೂರು, ಜೋಡುಪಾಲದ ಕಡೆಗಳಲ್ಲಿ ಗುಡ್ಡಗಳೇ ಕುಸಿದುವು. ಮನೆಗಳೇ ಮಣ್ಣುಪಾಲಾದಾಗ ಮನೆಗಳ ಪಂದ್ಯ ಯಾರಿಗೆ ಬೇಕು? 2019ರಲ್ಲಿ ಉತ್ಸವ ನಡೆಯಲಿಲ್ಲ. ಬಳಿಕ ಕೊರೋನಾ ಬಂದಿತು. ಮತ್ತೆ ಮೂರು ವರ್ಷ ಮೈದಾನ ಬರಿದಾಯಿತು. ಆ ಬಿಡುವಿನಲ್ಲೇ, 2020ರಲ್ಲಿ, ಕುಟ್ಟಪ್ಪನವರು ತೀರಿಕೊಂಡರು. ಪ್ರವರ್ತಕನಿಲ್ಲದೆ, ನಾಲ್ಕು ವರ್ಷ ಅಭ್ಯಾಸ ತಪ್ಪಿದ ಸಂಪ್ರದಾಯ ಮರಳಿ ಚಿಗುರುವುದು ಸಂದೇಹವೆಂದು ಯಾರಿಗಾದರೂ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ 2023ರಲ್ಲಿ ಅಪ್ಪಚೆಟ್ಟೋಳಂಡ ಒಕ್ಕದವರು ನಾಪೋಕ್ಲಿನಲ್ಲಿ ಕಪ್ ನಡೆಸಿದಾಗ 336 ಮನೆಗಳು ಬಂದುವು. ಕೊಡಗಿನ ಗೌಡ ಕುಟುಂಬಗಳೂ ತಮ್ಮ ತಮ್ಮೊಳಗೆ ಕ್ರಿಕೆಟ್ ಪಂದ್ಯಗಳನ್ನು ಏರ್ಪಡಿಸಿಕೊಂಡಿರುವುದನ್ನು ನೋಡಿದರೆ ಈ ಬೀಜ ಬೇಲಿಯಾಚೆಯೂ ಮೊಳೆತಿದೆಯೆಂದು ತಿಳಿಯುತ್ತದೆ.

ಹಾಗೆಂದು ಒಂದು ಶಂಕೆಯನ್ನು ಹೇಳದೆ ಬಿಡಲಾರೆ. ಸಂಖ್ಯೆ ಏರಿದಂತೆ ಖರ್ಚೂ ಏರುತ್ತದೆ. ಒಂದು ತಿಂಗಳ ಕಾಲ ನೂರಾರು ಮನೆಗಳಿಗೆ ಆತಿಥ್ಯ ನೀಡುವುದು ಸಣ್ಣ ಒಕ್ಕದ ಕೈಗೆ ಎಟುಕುವ ಮಾತಲ್ಲ. ದಾಖಲೆಯ ಬೆನ್ನು ಹತ್ತಿದ ಉತ್ಸವ, ದೊಡ್ಡ ಮನೆಗಳು ಮಾತ್ರ ನಡೆಸಬಲ್ಲ ಉತ್ಸವವಾದರೆ ಅದರ ಮೊದಲ ಉದ್ದೇಶಕ್ಕೆ ಪೆಟ್ಟು ಬೀಳುತ್ತದೆ. ಹತ್ತು ಹನ್ನೊಂದು ಜನರನ್ನು ಪ್ರಯಾಸದಿಂದ ಕೂಡಿಸಿ ತಂದ ಪುಟ್ಟ ಒಕ್ಕವೇ ಈ ಕಪ್ಪಿನ ನಿಜವಾದ ಅಧಿಕಾರಿ. ಅದಕ್ಕೂ ಒಂದು ವರ್ಷ ತನ್ನ ಹೆಸರನ್ನು ಕಪ್ಪಿನ ಮೇಲೆ ಕಾಣುವ ಹಾದಿ ತೆರೆದಿರಬೇಕು.

ಇನ್ನೊಂದು ಮಾತು. ಮೈದಾನಕ್ಕೆ ಬಂದವರು ಐನ್‌ಮನೆಗೂ ಹೋಗುತ್ತಾರೆಯೆ? ಪಂದ್ಯ ಸೋತ ದಿನದ ಸಂಜೆ ತಂಡವೆಲ್ಲ ಕೂಡಿ ಕೈಮಡದ ಮುಂದೆ ನಿಂತು, ಹಳೆಯ ಮನೆಯಲ್ಲಿ ಒಂದು ಹೊತ್ತು ಉಂಡು, ಹೆಂಚು ಸರಿದಿದ್ದರೆ ಅದನ್ನು ಸರಿಪಡಿಸುವ ಮಾತಾಡಿ ಬೆಂಗಳೂರಿನ ಬಸ್ಸು ಹತ್ತಿದರೆ, ಅಂಗಿಯ ಮೇಲಿನ ಹೆಸರಿಗೆ ಆಧಾರವಾದ ಗೋಡೆಗಳು ಇನ್ನೊಂದು ತಲೆಮಾರಿನವರೆಗೆ ನಿಂತಾವು. ಬೇಗ ಸೋತವರಿಗೆ ಅದಕ್ಕೆ ಬೇಕಾದ ಬಿಡುವೂ ಹೆಚ್ಚಾಗಿಯೇ ಇರುತ್ತದೆ.